ಮೇಲಿನ ತಂಡ, ಕೆಳಗಿನ ತಂಡ: ಆಟದಂಗಳದಿಂದ ಸಣ್ಣ ಕೈಗಾರಿಕೆಗೊಂದು ಪಾಠ

ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯಂಥ ಪ್ರದೇಶಗಳಲ್ಲಿ ನಾಲ್ಕಾರು ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗಗಳನ್ನು ತಯಾರಿಸುವ ಉದ್ದಿಮೆದಾರರು ಒಂದೆಡೆ ಸೇರಿದರೆ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಊರಿನ ಹುಡುಗನೊಬ್ಬ ಸಣ್ಣ ಘಟಕಕ್ಕೆ ಸೇರಿ, ಎರಡು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಒಂದಷ್ಟು ಉಕ್ಕನ್ನು ಹಾಳು ಮಾಡಿ ಕೆಲಸ ಕಲಿಯುತ್ತಾನೆ. ಕೈ ಪಳಗಿತೆನ್ನುವಷ್ಟರಲ್ಲಿ ಹೊಸಕೋಟೆಯಲ್ಲೋ ನರಸಾಪುರದಲ್ಲೋ ಇರುವ ದೊಡ್ಡ ಕಾರ್ಖಾನೆಗೆ ಹೊರಟುಬಿಡುತ್ತಾನೆ. ಕಲಿಸಿದ ಖರ್ಚು ಸಣ್ಣವನದು, ಕಲಿತ ಫಲ ದೊಡ್ಡವನದು ಎಂಬ ಈ ಅಸಮಾಧಾನ ನಿರಾಧಾರವಾದುದಲ್ಲ. ಇದೇ ಸಮಸ್ಯೆಯನ್ನು ವೃತ್ತಿಪರ ಕ್ರೀಡೆ ಹೇಗೆ ನಿಭಾಯಿಸಿದೆ ಎಂಬುದನ್ನು ಗಮನಿಸಿದರೆ ಉದ್ಯಮ ರಂಗಕ್ಕೆ ಉಪಯುಕ್ತವಾದ ಕೆಲವು ಸಂಗತಿಗಳು ದೊರೆಯುತ್ತವೆ.

ಇದಕ್ಕೆ ಹತ್ತಿರದ ನಿದರ್ಶನ ಬೆಂಗಳೂರು ಎಫ್‌ಸಿ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಈ ಫುಟ್‌ಬಾಲ್ ಕ್ಲಬ್ ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿ ಗೆದ್ದಿತು. ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಮುಖ್ಯ ತಂಡವನ್ನು ಎಲ್ಲರೂ ಬಲ್ಲರು. ಅದರ ಜೊತೆಯಲ್ಲಿಯೇ ಕ್ಲಬ್ಬು ಎಳೆಯರ ಎರಡನೆಯ ತಂಡವೊಂದನ್ನು ಕಟ್ಟಿ ಬೆಂಗಳೂರಿನ ಸ್ಥಳೀಯ ಲೀಗಿಗೂ ಐ-ಲೀಗ್‌ನ ಎರಡನೆಯ ವಿಭಾಗಕ್ಕೂ ಇಳಿಸಿತೆಂಬುದು ಅಷ್ಟಾಗಿ ಗಮನಕ್ಕೆ ಬರಲಿಲ್ಲ. ಎರಡನೆಯ ವಿಭಾಗದಲ್ಲಿ ಇಂಡಿಯನ್ ಸೂಪರ್ ಲೀಗ್ ಕ್ಲಬ್ಬುಗಳ ಎರಡನೆಯ ತಂಡಗಳಿಗೆ ಮೇಲಿನ ವಿಭಾಗಕ್ಕೆ ಬಡ್ತಿ ಪಡೆಯುವ ಅವಕಾಶವೇ ಇರಲಿಲ್ಲ. ಎಷ್ಟೇ ಗೆದ್ದರೂ ತಂಡ ಅಲ್ಲಿಯೇ ಉಳಿಯಬೇಕು. ಏರಬಹುದಾದವನು ಆಟಗಾರ ಮಾತ್ರ.

ಹೀಗಿದ್ದೂ ಫಲ ಎರಡೂ ಕಡೆ ಕಂಡಿತು. 2018–19ರ ಋತುವಿನಲ್ಲಿ ಮುಖ್ಯ ತಂಡ ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಗೋವಾ ತಂಡವನ್ನು 1–0ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಪಡೆಯಿತು. ಅದೇ ಋತುವಿನಲ್ಲಿ ಎರಡನೆಯ ತಂಡ ಬೆಂಗಳೂರು ಸೂಪರ್ ಡಿವಿಷನ್ ಲೀಗನ್ನು ಗೆದ್ದಿತು. 2022ರಲ್ಲಿಯೂ ಹೀಗೆಯೇ ಆಯಿತು. ಮೇ ತಿಂಗಳಲ್ಲಿ ಕ್ಲಬ್ಬಿನ ಕಿರಿಯರು ಗೋವೆಯಲ್ಲಿ ನಡೆದ ಡೆವಲಪ್‌ಮೆಂಟ್ ಲೀಗಿನ ಮೊದಲ ಆವೃತ್ತಿಯನ್ನು ಗೆದ್ದರು; ಸೆಪ್ಟೆಂಬರ್‌ನಲ್ಲಿ ಹಿರಿಯರು ಡುರಾಂಡ್ ಕಪ್ ಗೆದ್ದರು.

ಆದರೆ ಇಂಥ ಏರ್ಪಾಡಿನ ನಿಜವಾದ ಬೆಲೆ ತಿಳಿಯುವುದು ಗೆಲುವಿನ ಕಾಲದಲ್ಲಲ್ಲ, ಕಷ್ಟಕಾಲದಲ್ಲಿ. 2021ರ ಜನವರಿಯಲ್ಲಿ, ಸೋಲುಗಳ ನಡುವೆ, ಮುಖ್ಯ ತಂಡದ ತರಬೇತುದಾರ ಕಾರ್ಲೆಸ್ ಕ್ವಾಡ್ರಾಟ್ ನಿರ್ಗಮಿಸಿದಾಗ ಕ್ಲಬ್ಬು ತಾತ್ಕಾಲಿಕ ಹೊಣೆಯನ್ನು ಎರಡನೆಯ ತಂಡದ ತರಬೇತುದಾರ ನೌಶಾದ್ ಮೂಸಾ ಅವರಿಗೆ ಒಪ್ಪಿಸಿತು. ಆ ಋತುವಿನಲ್ಲಿ ತಂಡ ಏಳನೆಯ ಸ್ಥಾನಕ್ಕೆ ಕುಸಿಯಿತೆಂಬುದು ನಿಜ. ಆದರೆ ಮರುವರ್ಷವೇ, ಎರಡನೆಯ ತಂಡದ ಮೂಲಕ ಬಂದ ರೋಶನ್ ಸಿಂಗ್ 2021–22ರ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿಗೆ ಪಾತ್ರರಾದರು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯದ ಏಕೈಕ ಗೋಲು ಹೊಡೆದ ವಿನಿತ್ ವೆಂಕಟೇಶ್ ಬೆಂಗಳೂರಿನ ಹುಡುಗ. ಕ್ಲಬ್ಬಿನ ಕಿರಿಯರ ತಂಡಗಳಲ್ಲಿ ಬೆಳೆದವರು. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಮೊಳಕೆಗೆ ನೀರೆರೆಯುವ ಖರ್ಚನ್ನು ಇಲ್ಲಿ ಮೇಲಿನವರೇ ವಹಿಸಿಕೊಂಡಿದ್ದರು ಎಂಬುದು ಗಮನಾರ್ಹ.

ಈ ಪದ್ಧತಿ ಅತ್ಯಂತ ವ್ಯವಸ್ಥಿತವಾಗಿ ಬೆಳೆದಿರುವುದು ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ. ಅಲ್ಲಿನ ನ್ಯಾಷನಲ್ ಹಾಕಿ ಲೀಗಿನಲ್ಲಿ 32 ತಂಡಗಳಿವೆ. ಅದರ ಕೆಳಗಿನ ಅಮೆರಿಕನ್ ಹಾಕಿ ಲೀಗಿನಲ್ಲಿಯೂ 32 ತಂಡಗಳಿವೆ. ಮೇಲಿನ ಒಂದೊಂದು ತಂಡಕ್ಕೂ ಕೆಳಗೊಂದು ಜೊತೆ ತಂಡ. ಮೇಲಿನ ತಂಡದೊಡನೆ ಒಪ್ಪಂದವಿರುವ ಆಟಗಾರ ಕೆಳಗೆ ಆಡುತ್ತಿದ್ದರೂ ಅವನ ವೇತನದ ಹೊಣೆ ಸಾಮಾನ್ಯವಾಗಿ ಮೇಲಿನ ತಂಡದ್ದು. 1995ರಲ್ಲಿ ನ್ಯೂಜೆರ್ಸಿ ತಂಡ ಮೇಲಿನ ಲೀಗಿನ ಸ್ಟಾನ್ಲಿ ಕಪ್ ಗೆದ್ದಾಗ, ಅದರ ಜೊತೆ ತಂಡವಾದ ಆಲ್ಬನಿ ಕೆಳಗಿನ ಲೀಗಿನ ಕ್ಯಾಲ್ಡರ್ ಕಪ್ ಗೆದ್ದಿತ್ತು.

ಅದೇ ಹಾಕಿಯ ಇನ್ನೊಂದು ಪ್ರಸಂಗ ಸಣ್ಣ ಉದ್ದಿಮೆದಾರರಿಗೆ ಎಚ್ಚರಿಕೆಯ ಮಾತೂ ಹೌದು. ಟ್ಯಾಂಪಾ ಬೇ ತಂಡದ ಜೊತೆ ತಂಡವಾಗಿದ್ದ ನಾರ್ಫೋಕ್ 2011–12ರಲ್ಲಿ ಸತತ 28 ಪಂದ್ಯಗಳನ್ನು ಗೆದ್ದು ಕ್ಯಾಲ್ಡರ್ ಕಪ್ಪನ್ನು ತನ್ನದಾಗಿಸಿಕೊಂಡಿತು. ಅದರ ತರಬೇತುದಾರ ಜಾನ್ ಕೂಪರ್ 2013ರಲ್ಲಿ ಟ್ಯಾಂಪಾದ ತರಬೇತುದಾರರಾದರು. ನಾರ್ಫೋಕ್‌ನಲ್ಲಿ ಪಳಗಿದ ಓಂಡ್ರೆ ಪಲಾಟ್, ಟೈಲರ್ ಜಾನ್ಸನ್ ಮೊದಲಾದವರೊಡನೆ 2020 ಮತ್ತು 2021ರಲ್ಲಿ ಆ ತಂಡ ಸ್ಟಾನ್ಲಿ ಕಪ್ ಎತ್ತಿತು. ಆದರೆ ನಾರ್ಫೋಕ್ ನಗರಕ್ಕೆ ದೊರೆತದ್ದೇನು? ಕಪ್ ಗೆದ್ದ ಬೇಸಿಗೆಯಲ್ಲಿಯೇ ಟ್ಯಾಂಪಾ ಆ ನಂಟನ್ನು ಕಡಿದುಕೊಂಡು ಸಿರಕ್ಯೂಸ್‌ನೊಡನೆ ಒಪ್ಪಂದ ಮಾಡಿಕೊಂಡಿತು. ನಾರ್ಫೋಕ್ ಬೇರೊಂದು ತಂಡದ ಆಶ್ರಯ ಪಡೆಯಿತು. 2015ರಲ್ಲಿ ಆ ದರ್ಜೆಯ ತಂಡವನ್ನೇ ಕಳೆದುಕೊಂಡಿತು. ಕೆಳಗಿನವನು ತನ್ನ ಕೆಲಸವನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಒಬ್ಬನೇ ಒಡೆಯನನ್ನು ನೆಚ್ಚಿಕೊಂಡರೆ ಅವನ ಅಸ್ತಿತ್ವ ಮೇಲಿನವನ ಮರ್ಜಿಯಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇವೆಲ್ಲವನ್ನೂ ನಂದಗುಡಿಯ ಘಟಕಗಳಿಗೆ ಅನ್ವಯಿಸಿ ನೋಡಿದಾಗ ಮೂರು ಅಂಶಗಳು ಎದ್ದುಕಾಣುತ್ತವೆ.

ಮೊದಲನೆಯದು, ಕಲಿಸಿದ ಖರ್ಚಿನ ಹಂಚಿಕೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ನಿಯಮದಂತೆ, ಆಟಗಾರನೊಬ್ಬ ಹಣಕ್ಕೆ ಪ್ರತಿಯಾಗಿ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ, ಆ ಮೊತ್ತದ ಶೇ. 5ರಷ್ಟು ಅವನನ್ನು 12ರಿಂದ 23ನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಸಲ್ಲಬೇಕು. ಕಾರ್ಮಿಕನು ಮಾರಾಟದ ವಸ್ತುವಲ್ಲ, ಅವನು ತನಗೆ ಬೇಕಾದಲ್ಲಿಗೆ ಹೋಗಲು ಸ್ವತಂತ್ರನು ಎಂಬ ಆಕ್ಷೇಪ ಸರಿಯಾದುದೇ. ಆ ಸ್ವಾತಂತ್ರ್ಯಕ್ಕೆ ಯಾರೂ ಅಡ್ಡಿ ಬರಬಾರದು. ಆದರೆ ಪಳಗಿದ ಕೈಯಿಂದ ಲಾಭ ಪಡೆಯುವ ಕಾರ್ಖಾನೆ, ಪಳಗಿಸಿದ ಘಟಕಗಳ ತರಬೇತಿ ವೆಚ್ಚದಲ್ಲಿ ಒಂದು ಪಾಲನ್ನು ಭರಿಸುವುದು ನ್ಯಾಯವೇ ಆಗಿದೆ. ಅಪ್ರೆಂಟಿಸ್ ಕಾಯ್ದೆಯನ್ವಯ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಶಿಶಿಕ್ಷುಗಳನ್ನು ನೇಮಿಸಿಕೊಳ್ಳುವುದು ಕಡ್ಡಾಯ. ಅದಕ್ಕಿಂತ ಸಣ್ಣ ಘಟಕಗಳಿಗೆ ಅದು ಐಚ್ಛಿಕ. ದೊಡ್ಡ ಕಾರ್ಖಾನೆಗಳು ತಮ್ಮ ಬಿಡಿಭಾಗ ಪೂರೈಕೆದಾರರೊಡನೆ ಕೂಡಿ ತರಬೇತಿ ಯೋಜನೆ ರೂಪಿಸಿದರೆ ಎರಡೂ ಕಡೆಗೆ ಹಿತ.

ಎರಡನೆಯದು, ಒಂದೇ ಬಗೆಯ ಆಟ. ಕೆಳಗಿನ ತಂಡ ಮೇಲಿನ ತಂಡದ ಶೈಲಿಯನ್ನೇ ಅಭ್ಯಾಸ ಮಾಡಿದರೆ ಆಟಗಾರ ಮೇಲೇರಿದ ಮರುದಿನವೇ ಕಣಕ್ಕಿಳಿಯಬಲ್ಲ. ದೊಡ್ಡ ಕಾರ್ಖಾನೆಗಳು ತಮ್ಮ ಗುಣಮಟ್ಟದ ಅಳತೆ, ತಪಾಸಣೆಯ ಕ್ರಮಗಳನ್ನು ಪೂರೈಕೆದಾರರಿಗೆ ಮೊದಲೇ ಕಲಿಸಿಕೊಟ್ಟರೆ, ತಿರಸ್ಕೃತ ಮಾಲು ಹಿಂದಿರುಗಿ ಬಂದಮೇಲೆ ವಾದಿಸುವ ಪ್ರಮೇಯವೇ ಕಡಿಮೆಯಾಗುತ್ತದೆ. ಇದರೊಂದಿಗೆ ಹಣ ಸಕಾಲದಲ್ಲಿ ಸಲ್ಲಬೇಕು. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಜೊತೆ ತಂಡದ ಸಂಬಳವನ್ನು ತಿಂಗಳುಗಟ್ಟಲೆ ತಡೆಹಿಡಿದು ಅದರಿಂದ ಒಳ್ಳೆಯ ಆಟಗಾರರನ್ನು ನಿರೀಕ್ಷಿಸಲಾಗದು.

ಮೂರನೆಯದು ಸಣ್ಣ ಉದ್ದಿಮೆದಾರರ ಕರ್ತವ್ಯ. ಕಲಿತ ಹುಡುಗ ಹೋಗುವನೆಂಬ ಭಯದಿಂದ ಕಲಿಸುವುದನ್ನೇ ನಿಲ್ಲಿಸಿದ ಘಟಕ ಕ್ರಮೇಣ ತಾನೇ ಕುಂದುತ್ತದೆ. ಮೇಲಕ್ಕೆ ಕಳುಹಿಸಿದವರ ಸಂಖ್ಯೆಯನ್ನು ನಷ್ಟವೆನ್ನದೆ ಹೆಗ್ಗಳಿಕೆಯೆಂದು ಎಣಿಸುವ ಘಟಕಕ್ಕೆ ಹೊಸ ಹುಡುಗರು ತಾವಾಗಿಯೇ ಬರುತ್ತಾರೆ. ಜೊತೆಗೆ ನಾರ್ಫೋಕ್‌ನ ಅನುಭವವನ್ನು ಮರೆಯದೆ ಇಬ್ಬರು ಮೂವರು ಗ್ರಾಹಕರನ್ನಾದರೂ ಹೊಂದಿರುವುದು ಜಾಣತನ.

ಪೂರೈಕೆದಾರರನ್ನೂ ದೊಡ್ಡ ಕಾರ್ಖಾನೆಗಳನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ತರಬೇತಿ ವೆಚ್ಚದ ಹಂಚಿಕೆಯ ಪ್ರಸ್ತಾಪವನ್ನು ಮುಂದಿಡುವ ಕೆಲಸ ವಾಣಿಜ್ಯೋದ್ಯಮ ಸಂಸ್ಥೆಗಳದು. ಇಂದು ನಂದಗುಡಿಯ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗನೇ ನಾಳೆ ದೊಡ್ಡ ಕಾರ್ಖಾನೆಯ ನುರಿತ ಕೆಲಸಗಾರ. ಅವನನ್ನು ಬೆಳೆಸುವ ಭಾರವನ್ನು ಒಬ್ಬರ ಹೆಗಲ ಮೇಲೆಯೇ ಹೊರಿಸಿದರೆ ಆ ಶೆಡ್ಡು ಬಹುಕಾಲ ನಿಲ್ಲಲಾರದು. ಶೆಡ್ಡು ಮುಚ್ಚಿದ ಮೇಲೆ ಕಾರ್ಖಾನೆಗೆ ಪಳಗಿದ ಕೈಗಳು ಬರುವುದಾದರೂ ಎಲ್ಲಿಂದ?