ಸ್ಕಿನ್ ಕಲರ್ ಯಾರ ಸ್ಕಿನ್ನು?



ಪೋಸ್ಟ್ ಸ್ವಲ್ಪ ಉದ್ದ ಐತಿ. ಆದ್ರೂ ಓದ್ರಿ, ಯಾಕಂದ್ರ ಇದ್ರಾಗ ತಪ್ಪು ನಂದೂ ಐತಿ.

ಈ ಸಲ ಏಪ್ರಿಲ್ 14ಕ್ಕೆ ನಮ್ಮ ಹೊನವಾಡದ ಕೇರಿಯೊಳಗ ಮಕ್ಕಳಿಗೆ ಚಿತ್ರ ಬಿಡಿಸೋ ಸ್ಪರ್ಧೆ ಇಟ್ಟಿದ್ವಿ. ವಿಷಯ ಬಾಬಾಸಾಹೇಬರು. ನಲವತ್ತರ ಹತ್ತಿರ ಮಕ್ಕಳು ಬಂದಿದ್ರು. ತಲಾ ಒಂದು ಹಾಳೆ, ಒಂದು ಪೆನ್ಸಿಲ್, ನಾಲ್ಕು ಮಂದಿಗೆ ಒಂದು ಕ್ರೆಯಾನ್ ಡಬ್ಬಿ ಕೊಟ್ವಿ. ಅರ್ಧ ತಾಸಿನಾಗ ಒಬ್ಬ ಹುಡುಗಿ ಎದ್ದು ನಿಂತಳು. "ಕಾಕಾ, ಸ್ಕಿನ್ ಕಲರ್ ಯಾರ ಕಡೆ ಐತ್ರಿ?"

ನಿಮಗ ಗೊತ್ತಿರ್ತದ, ಆ ತೆಳು ಗುಲಾಬಿ ಕಡ್ಡಿ. ಎಲ್ಲಾ ಡಬ್ಬಿಯೊಳಗ ಇರ್ಲಿಲ್ಲ. ಒಂದು ಮೋಟು ಕಡ್ಡಿ ಕೈಯಿಂದ ಕೈಗೆ ಓಡಾಡ್ತು. ಕೇಳಿದ ಆ ಹುಡುಗಿಯ ಅವ್ವ ಟಿಕೋಟಾ ಕಡೆ ದ್ರಾಕ್ಷಿ ಪಡದಾಗ ಕೂಲಿಗೆ ಹೋಗ್ತಾಳ. ಹುಡುಗಿಯ ಕೈ ನಮ್ಮ ಎರೆಮಣ್ಣಿನ ಬಣ್ಣ. ಆ ಕೈಯಾಗ ಗುಲಾಬಿ ಕಡ್ಡಿ ಹಿಡ್ಕೊಂಡು ಅದಕ್ಕ 'ಚರ್ಮ' ಅಂತ ಕರೀತಾಳ. ಆಗ ನನಗ ಏನೂ ಅನಿಸ್ಲಿಲ್ಲ. ಇದನ್ನೇ ಹೇಳಬೇಕಾಗಿರೋದು.

ಬಹುಮಾನದ ಹೊತ್ತು. ಮೂವರು ತೀರ್ಪುಗಾರರು, ಅದ್ರಾಗ ನಾನೊಬ್ಬ. ಒಬ್ಬ ಹುಡುಗ ಗುಲಾಬಿಗೆ ಕಾಯದೆ ಕಂದು ಕಡ್ಡಿ ತಿಕ್ಕಿ, ಮೂಗಿನ ಬಾಜೂಕ, ಗದ್ದದ ಕೆಳಗ ಪೆನ್ಸಿಲ್‌ನಿಂದ ಕಪ್ಪು ನೆರಳು ಹಾಕಿದ್ದ. ಕನ್ನಡಕದ ಗಾಜಿನ ಮೂಲೆಯಾಗ ಬಿಳಿ ಹಾಳೆ ಹಂಗೇ ಬಿಟ್ಟಿದ್ದ, ಬೆಳಕು ಬಿದ್ದಂಗ ಕಾಣ್ತಿತ್ತು. ಪಕ್ಕದವರು "ಕೊಳಕ್ ಆಗೈತಿ" ಅಂದ್ರು. ನಾನೂ ಹೌದಂದು ಹಾಳೆ ಕೆಳಗಿಟ್ಟೆ. ಮೊದಲ ಬಹುಮಾನ ಹೋಗಿದ್ದು ಎಲ್ಲಕ್ಕಿಂತ ಗುಲಾಬಿ ಇದ್ದ ಮುಖಕ್ಕೆ. ದಿನಾ ಹತ್ತಾರು ಕಾಗದದ ಮೇಲೆ ಸಹಿ ಹಾಕೋ ಗುಮಾಸ್ತ ನಾನು, ಆ ಸರ್ಟಿಫಿಕೇಟ್ ಮೇಲೂ ಸಹಿ ಹಾಕಿದೆ.

ರಾತ್ರಿ ಮನೆಗೆ ಬಂದು ಫೋಟೋ ನೋಡುವಾಗ ಹೊಳೀತು. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸಲು ಭೀಮರಾವ್ ಬೋರ್ಡಿನ ಹತ್ತಿರ ಹೋದರೆ, ಬೋರ್ಡಿನ ಹಿಂದಿನ ಊಟದ ಡಬ್ಬಿ ಮೈಲಿಗೆಯಾಗುತ್ತವೆ ಅಂತ ಉಳಿದ ಹುಡುಗರು ಓಡಿಹೋಗಿ ಡಬ್ಬಿ ಸರಿಸಿದ ಕಥೆ ನಾವೇ ಭಾಷಣದಾಗ ಹೇಳ್ತೀವಿ. ಅದೇ ದಿನ ನಮ್ಮ ಮಕ್ಕಳ ಒಂದು ಹಾಳೆಯನ್ನ ಕೊಳಕು ಅಂತ ಸರಿಸಿದವರು ಯಾರು? ನಾವೇ.

ಕೆಲವರು ಕೇಳ್ತೀರಿ: ಜಾತಿಗೂ ಬಣ್ಣಕ್ಕೂ ಏನು ಸಂಬಂಧ, ನಮ್ಮಲ್ಲೂ ಬೆಳ್ಳಗಿದ್ದವರಿಲ್ವಾ? ಖರೇ ಐತಿ. ಜಾತಿ ಅನ್ನೋದು ಜನಾಂಗದ ವಿಭಜನೆ ಅಲ್ಲ ಅಂತ ಬಾಬಾಸಾಹೇಬರೇ 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದಾರೆ. ಅವರ ಮೈಬಣ್ಣ ಎಷ್ಟು ಬೆಳ್ಳಗಿತ್ತು ಅನ್ನೋ ಜಗಳವೂ ನನಗೆ ಬೇಡ. ನನ್ನ ತಕರಾರು ಒಂದೇ: ಡಬ್ಬಿಯ ಹನ್ನೆರಡು ಕಡ್ಡಿಗಳಲ್ಲಿ ಒಂದಕ್ಕೆ ಮಾತ್ರ 'ಚರ್ಮ' ಅಂತ ಹೆಸರಿಟ್ಟರೆ, ಉಳಿದ ಬಣ್ಣದ ಮೈ ಇರೋ ಮಗು ತನ್ನನ್ನ ಏನಂತ ತಿಳೀಬೇಕು?

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಕ್ರಯೋಲಾ ಕಂಪನಿ 1903ರಲ್ಲಿ ಎಂಟು ಕಡ್ಡಿಯ ಮೊದಲ ಡಬ್ಬಿ ಐದು ಸೆಂಟಿಗೆ ಮಾರಿತು. ಅವರಲ್ಲೂ 'ಫ್ಲೆಶ್' ಅಂತ ಒಂದು ಗುಲಾಬಿ ಬಣ್ಣ ಇತ್ತು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ನಡೆದಿದ್ದ ಕಾಲದಲ್ಲಿ, 1962ರಲ್ಲಿ, ಅದರ ಹೆಸರು 'ಪೀಚ್' ಆಯ್ತು. ಬಣ್ಣ ಅದೇ, ಹೆಸರಷ್ಟೇ ಬದಲು. 2020ರಲ್ಲಿ ಅದೇ ಕಂಪನಿ 24 ಮೈಬಣ್ಣಗಳ ಡಬ್ಬಿ ತಂದಿತು. ನಮ್ಮಲ್ಲೂ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಯೊಬ್ಬ ಇದೇ 'ಸ್ಕಿನ್' ಕಡ್ಡಿ ಹಿಡ್ಕೊಂಡು ಗ್ರಾಹಕರ ನ್ಯಾಯಾಲಯಕ್ಕೆ ಹೋಗಿದ್ದ. ನಾವು ಚಳವಳಿಯವರು ಎಷ್ಟು ಮಂದಿ ಅದನ್ನ ಮಾತಾಡಿದ್ವಿ?

ಬರೀ ಬೈದು ಕೂತ್ರ ಆಗಲ್ಲ, ಮಕ್ಕಳಿಗೆ ಮೈಬಣ್ಣ ಹಾಕೋದು ಕಲಿಸ್ಬೇಕು. ನನಗ ಚಿತ್ರ ಬರಲ್ಲ, ಹಂಗಾಗಿ ಚಿತ್ರಕಲಾ ಶಿಕ್ಷಕರೊಬ್ಬರನ್ನ ಕೇಳ್ಕೊಂಡು ಬಂದೆ. ಕ್ರೆಯಾನ್ ಅಂದ್ರ ಮೇಣದೊಳಗ ಬಣ್ಣದ ಪುಡಿ. ಮೆಲ್ಲಗ ತಿಕ್ಕಿದ್ರ ಒಂದರ ಮೇಲೊಂದು ಪದರ ಕೂಡ್ತದ, ಮೊದಲೇ ಒತ್ತಿ ತಿಕ್ಕಿದ್ರ ಮೇಲಿನ ಬಣ್ಣ ಜಾರ್ತದ. ಕೆಳಗ ಹಳದಿ, ಅದರ ಮೇಲೆ ಕಿತ್ತಳೆ, ಮೇಲೆ ಕಂದು. ನೆರಳಿಗೆ ಬರೀ ಕಪ್ಪು ಬೇಡ, ಮುಖ ಸತ್ತಂಗ ಕಾಣ್ತದ. ಕಂದಿನ ಮೇಲೆ ತುಸು ನೀಲಿ ಎಳೀಬೇಕು. ನೀಲಿ, ನಮ್ಮ ಬಾವುಟದ್ದೇ! ಪೆನ್ಸಿಲ್ ಆದ್ರ ಎಚ್‌ಬಿ ಸಾಲಲ್ಲ, 4ಬಿ ಅಥವಾ 6ಬಿ ತಗೋಬೇಕು. ಅದ್ರಾಗ ಜೇಡಿಮಣ್ಣು ಕಡಿಮೆ, ಗ್ರಾಫೈಟ್ ಹೆಚ್ಚು, ಹಂಗಾಗಿ ಮೆತ್ತಗ, ದಟ್ಟ ಕಪ್ಪು. ಸಚಿನ್ ಸಂಘೆಯಂಥ ಕಲಾವಿದರು ಇದೇ ಪೆನ್ಸಿಲ್ ಮೊನೆಯನ್ನ ಕೆತ್ತಿ ಅಕ್ಕಿಕಾಳಿನಷ್ಟು ಸಣ್ಣ ಮೂರ್ತಿ ಮಾಡ್ತಾರ. ಅಲ್ಲಿ ದೇವರಾಗಲಿ ನಾಯಕರಾಗಲಿ ಎಲ್ಲರೂ ಕಪ್ಪೇ, ಯಾರೂ ಕೊಳಕು ಅನ್ನಲ್ಲ.

ಕಳೆದ ಭಾನುವಾರ ಆ ಹುಡುಗನ ಮನೆಗೆ ಹೋಗಿದ್ದೆ. ತಪ್ಪಾಯ್ತಪ್ಪ, ಆ ಚಿತ್ರ ಕೊಡು, ಭವನದಾಗ ಹಾಕೋಣ ಅಂದೆ. ಅಂವ ಅದನ್ನ ಗಣಿತದ ಪುಸ್ತಕಕ್ಕ ರಟ್ಟು ಹಾಕಿದ್ದ, ಬಾಬಾಸಾಹೇಬರ ಮುಖ ಒಳಗ ಮಡಚಿ. ನನ್ನ ಮುಖ ನೋಡ್ಲಿಲ್ಲ. ಅವರವ್ವ ಚಹಾ ಕೊಟ್ಟಳು.

ಡಿಸೆಂಬರ್ 6ಕ್ಕೆ ಮತ್ತ ಮಕ್ಕಳನ್ನ ಕೂಡಿಸ್ತೀವಿ, ಈ ಸಲ ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ವಿಜಯಪುರ, ಬಬಲೇಶ್ವರ, ಟಿಕೋಟಾ ಕಡೆಯ ಗೆಳೆಯರು ಬಿಡಿ ಕಂದು, ಕಪ್ಪು, ಕಿತ್ತಳೆ ಕಡ್ಡಿ ಸಿಕ್ಕರೆ ಕಳಿಸ್ರಿ, 6ಬಿ ಪೆನ್ಸಿಲ್ಲೂ ಬೇಕು. ಗುಲಾಬಿ ಬೇಕಾದಷ್ಟು ಉಳಿದಾವು.