ಗುಮಾಸ್ತರ ಕತ್ತುನೋವು ಮತ್ತು ಮಾಲೀಕರ ಹೊಣೆ

ತಿಂಗಳಿಗೊಮ್ಮೆ ಜಿಎಸ್‌ಟಿ ವಿವರಪತ್ರ ಸಲ್ಲಿಸುವ ಯಾವುದೇ ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ 11ನೆಯ ಮತ್ತು 20ನೆಯ ತಾರೀಖು ಸಮೀಪಿಸುತ್ತಿದ್ದಂತೆ ಕಾಣುವ ದೃಶ್ಯ ಬಹುಮಟ್ಟಿಗೆ ಒಂದೇ. ಮೊದಲನೆಯದು ಜಿಎಸ್‌ಟಿಆರ್-1ರ ಗಡುವು, ಎರಡನೆಯದು ಜಿಎಸ್‌ಟಿಆರ್-3ಬಿಯ ಗಡುವು. ಬಿಲ್ಲುಗಳ ಕಟ್ಟು ಮೇಜಿನ ಎಡಬದಿಯಲ್ಲಿ, ಗಣಕಯಂತ್ರದ ಪರದೆ ಎದುರಿನಲ್ಲಿ. ಇವೆರಡರ ನಡುವೆ ಗುಮಾಸ್ತರ ತಲೆ ದಿನವಿಡೀ ಬಾಗುತ್ತದೆ, ಹೊರಳುತ್ತದೆ. ಸಂಜೆಯ ಹೊತ್ತಿಗೆ ಒಂದು ಕೈ ತಾನಾಗಿಯೇ ಕತ್ತಿನ ಹಿಂಭಾಗವನ್ನು ಒತ್ತಿಕೊಳ್ಳತೊಡಗುತ್ತದೆ. ಮೇಜಿನ ಡ್ರಾಯರಿನಲ್ಲಿ ರಬ್ಬರ್ ಮೊಹರು, ಗುಂಡುಸೂಜಿಗಳ ಜೊತೆಗೆ ನೋವಿನ ಮುಲಾಮಿನ ಡಬ್ಬಿಯೂ ಖಾಯಂ ಸ್ಥಾನ ಪಡೆದಿರುತ್ತದೆ.

ಈ ನೋವನ್ನು ವ್ಯಾಪಾರಸ್ಥರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕಾಣುತ್ತಾರೆ. ಕೆಲವರ ಪಾಲಿಗೆ ಅದು ವಯಸ್ಸಿನ ಲಕ್ಷಣ. ಮತ್ತೆ ಕೆಲವರ ಪಾಲಿಗೆ ರಜೆಗೊಂದು ನೆಪ. ಎರಡೂ ದೃಷ್ಟಿಗಳು ಮೂಲಕಾರಣವನ್ನು ಮರೆಮಾಡುತ್ತವೆ. ನಿದ್ರೆಯ ಕೊರತೆ, ಮನಸ್ಸಿನ ಒತ್ತಡ, ಮನೆಗೆಲಸದ ಭಾರ ಇವೆಲ್ಲವೂ ನೋವನ್ನು ಹೆಚ್ಚಿಸುವುದು ನಿಜ. ಆದರೂ ಮೇಜಿನ ಮುಂದೆ ದುಡಿಯುವವರ ಕತ್ತು ಮತ್ತು ಭುಜಗಳ ನೋವಿನಲ್ಲಿ ಕೆಲಸವನ್ನು ಏರ್ಪಡಿಸಿದ ರೀತಿಯ ಪಾಲು ದೊಡ್ಡದು. ಆದ್ದರಿಂದ ಅದರ ಪರಿಹಾರದ ಹೆಚ್ಚಿನ ಭಾಗವೂ ಕೆಲಸವನ್ನು ಏರ್ಪಡಿಸುವವರ, ಅಂದರೆ ಮಾಲೀಕರ ಕೈಯಲ್ಲಿದೆ.

ನಿಂತುಹೋದ ಓಡಾಟ

‘ಹಿಂದಿನ ಗುಮಾಸ್ತರು ಗಾದಿಯ ಮೇಲೆ ಕುಳಿತು, ಇಳಿಜಾರು ಡೆಸ್ಕಿನ ಮೇಲೆ ಬಾಗಿ ಕಿರ್ದಿ, ಖಾತೆ ಬರೆಯುತ್ತಿರಲಿಲ್ಲವೆ? ಅವರಿಗಿಲ್ಲದ ನೋವು ಕುರ್ಚಿಯಲ್ಲಿ ಕುಳಿತವರಿಗೇಕೆ?’ ಎಂಬ ಪ್ರಶ್ನೆ ಹಿರಿಯ ವರ್ತಕರಿಂದ ಆಗಾಗ ಕೇಳಿಬರುತ್ತದೆ. ಅವರಿಗೆ ನೋವಿರಲಿಲ್ಲವೆಂಬುದು ಸರಿಯಲ್ಲ. ವೃತ್ತಿಜನ್ಯ ರೋಗಗಳ ಬಗ್ಗೆ 1700ರಲ್ಲಿ ಮೊದಲ ಸಮಗ್ರ ಗ್ರಂಥವನ್ನು ರಚಿಸಿದ ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಝೀನಿ, ಅದರ 1713ರ ಆವೃತ್ತಿಯಲ್ಲಿ ಲಿಪಿಕಾರರ ಬಾಧೆಗಳನ್ನು ಕುರಿತು ಬರೆದಿದ್ದಾನೆ. ಎಡೆಬಿಡದೆ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿಯುವುದು ಎಂಬ ಮೂರು ಕಾರಣಗಳನ್ನು ಆತ ಗುರುತಿಸಿದ್ದ. ಮುನ್ನೂರು ವರ್ಷಗಳ ನಂತರವೂ ಆ ಪಟ್ಟಿಯಲ್ಲಿ ತೆಗೆದುಹಾಕಬೇಕಾದುದು ಏನೂ ಇಲ್ಲ.

ಆದರೆ ಹಿರಿಯರ ಪ್ರಶ್ನೆಯಲ್ಲಿ ಸತ್ಯಾಂಶವೂ ಇದೆ. ಹುಬ್ಬಳ್ಳಿ, ದಾವಣಗೆರೆ, ಬ್ಯಾಡಗಿಯಂತಹ ಮಾರುಕಟ್ಟೆಗಳ ದಲಾಲಿ ಅಂಗಡಿಯ ಹಿಂದಿನ ಗುಮಾಸ್ತನ ದಿನಚರಿಯನ್ನು ನೆನಪಿಸಿಕೊಳ್ಳಬಹುದು. ಆತ ಬರೆಯುತ್ತಿದ್ದುದು ನಿಜ. ಆದರೆ ಬರವಣಿಗೆ ಪದೇಪದೇ ತುಂಡಾಗುತ್ತಿತ್ತು. ತೂಕ ಬರೆದುಕೊಳ್ಳಲು ರಾಶಿಯ ಬಳಿಗೆ ಹೋಗಬೇಕಿತ್ತು. ಹಳೆಯ ಖಾತೆ ಪುಸ್ತಕಕ್ಕಾಗಿ ಅಟ್ಟಕ್ಕೆ ಕೈಚಾಚಬೇಕಿತ್ತು. ಚಲನ್ ಹಿಡಿದು ಬ್ಯಾಂಕಿಗೆ, ಟಪಾಲು ಹಿಡಿದು ಅಂಚೆ ಕಚೇರಿಗೆ, ಚೀಟಿ ಹಿಡಿದು ಗೋದಾಮಿಗೆ ನಡೆಯಬೇಕಿತ್ತು. ಆ ಓಡಾಟವನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಆದರೆ ಕತ್ತಿಗೂ ಭುಜಕ್ಕೂ ಬಿಡುವು ಸಿಗುತ್ತಿದ್ದುದು ಅದರಿಂದಲೇ.

ಗಣಕೀಕರಣವು ಈ ಚಲನೆಯನ್ನು ಒಂದೊಂದಾಗಿ ಅಳಿಸಿಹಾಕಿತು. 1986ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಬೆಳೆದ ಸಂಸ್ಥೆಯ ಟ್ಯಾಲಿ ತಂತ್ರಾಂಶ ಕಿರ್ದಿ ಪುಸ್ತಕದ ಸ್ಥಾನವನ್ನು ಪಡೆಯಿತು. ನೆಟ್ ಬ್ಯಾಂಕಿಂಗ್ ಬಂದ ಮೇಲೆ ಬ್ಯಾಂಕಿನ ಸಾಲು ಕರಗಿತು. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಕೃಷಿ ಮಾರುಕಟ್ಟೆ ವೇದಿಕೆ ಆರಂಭವಾಗಿ ಟೆಂಡರ್ ಪರದೆಯ ಮೇಲೆ ಬಂದಿತು. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್ 1ರಂದು ಇ-ವೇ ಬಿಲ್, 2020ರ ಅಕ್ಟೋಬರಿನಿಂದ ಹಂತಹಂತವಾಗಿ ಇ-ಇನ್‌ವಾಯ್ಸ್ ಜಾರಿಗೆ ಬಂದವು. ಇವು ವ್ಯಾಪಾರಕ್ಕೆ ತಂದ ವೇಗ ಮತ್ತು ಪಾರದರ್ಶಕತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರತಿಯೊಂದು ಸುಧಾರಣೆಯೂ ಗುಮಾಸ್ತರನ್ನು ಕುರ್ಚಿಗೆ ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿತು. ಉಳಿತಾಯವಾದ ಸಮಯವು ವಿರಾಮವಾಗಲಿಲ್ಲ. ಅಷ್ಟೂ ಇನ್ನಷ್ಟು ನಮೂದುಗಳಾಗಿ ಪರಿವರ್ತನೆಯಾಯಿತು.

ನೋವು ಹುಟ್ಟುವ ಬಗೆ

ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋಗ್ರಾಂ. ತಲೆ ನೆಟ್ಟಗಿರುವಾಗ ಆ ಭಾರವನ್ನು ಬೆನ್ನುಮೂಳೆ ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಪ್ರಕಟಿಸಿದ ಗಣನೆಯಂತೆ, ತಲೆ 30 ಡಿಗ್ರಿ ಬಾಗಿದಾಗ ಕತ್ತಿನ ಮೇಲಿನ ಹೊರೆ ಸುಮಾರು 18 ಕಿಲೋ, 60 ಡಿಗ್ರಿ ಬಾಗಿದಾಗ ಸುಮಾರು 27 ಕಿಲೋ ಆಗುತ್ತದೆ. ಇದು ಗಣಕಯಂತ್ರದ ಮಾದರಿಯಿಂದ ಪಡೆದ ಅಂದಾಜು. ಬಾಗಿದೊಡನೆ ಕತ್ತು ಕೆಡುತ್ತದೆಂದು ಇದರಿಂದ ಭಾವಿಸಬೇಕಾಗಿಲ್ಲ. ಬಾಗುವುದು ಸಹಜ ಕ್ರಿಯೆ. ತೊಂದರೆ ಇರುವುದು ಬಾಗಿದಲ್ಲೇ ಗಂಟೆಗಟ್ಟಲೆ ನಿಲ್ಲುವುದರಲ್ಲಿ.

ಕತ್ತಿನಿಂದ ಭುಜದವರೆಗೆ ಹರಡಿರುವ ಟ್ರೆಪೀಜಿಯಸ್ ಎಂಬ ಅಗಲವಾದ ಸ್ನಾಯು ಈ ಸಂದರ್ಭದಲ್ಲಿ ಸಣ್ಣ ಪ್ರಮಾಣದಲ್ಲಾದರೂ ಸತತವಾಗಿ ಬಿಗಿದುಕೊಂಡಿರುತ್ತದೆ. ಬಿಗಿದು ಸಡಿಲುವ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯುತ್ತದೆ. ಬಿಗಿದೇ ಇರುವ ಸ್ನಾಯು ದಣಿಯುತ್ತದೆ. ಮೂಟೆ ಹೊರುವ ಹಮಾಲ ಮೂಟೆಯನ್ನು ಇಳಿಸಿ ಹಗುರಾಗುತ್ತಾನೆ. ಗುಮಾಸ್ತರ ಹೊರೆ ಹಗುರವಾದದ್ದು, ಆದರೆ ಅದನ್ನು ಸಂಜೆಯವರೆಗೆ ಇಳಿಸುವಂತಿಲ್ಲ. ಜಾಗತಿಕ ರೋಗಹೊರೆಯ ಅಧ್ಯಯನದ ಅಂದಾಜಿನಂತೆ 2020ರಲ್ಲಿ ಪ್ರಪಂಚದಲ್ಲಿ 20 ಕೋಟಿಗೂ ಹೆಚ್ಚು ಜನರು ಕತ್ತುನೋವಿನಿಂದ ಬಳಲುತ್ತಿದ್ದರು. ಅವರಲ್ಲಿ ಮಹಿಳೆಯರ ಪ್ರಮಾಣವೇ ಹೆಚ್ಚು. ಲೆಕ್ಕಪತ್ರ ವಿಭಾಗಗಳಲ್ಲಿ ಮಹಿಳಾ ನೌಕರರ ಸಂಖ್ಯೆ ಹೆಚ್ಚುತ್ತಿರುವಾಗ ಈ ಅಂಶವನ್ನು ಅಲಕ್ಷಿಸಲಾಗದು.

ಅಲ್ಪ ವೆಚ್ಚದ ಸುಧಾರಣೆಗಳು

ಸುಧಾರಣೆಯೆಂದೊಡನೆ ದುಬಾರಿ ಕುರ್ಚಿಗಳ ಚಿತ್ರ ಕಣ್ಮುಂದೆ ಬರುವುದರಿಂದಲೇ ಅನೇಕ ಮಾಲೀಕರು ಹಿಂದೆಗೆಯುತ್ತಾರೆ. ವಾಸ್ತವವಾಗಿ ಆರಂಭಕ್ಕೆ ಬೇಕಾದುದು ಅತ್ಯಲ್ಪ. ಪರದೆಯ ಮೇಲಂಚು ಕುಳಿತವರ ಕಣ್ಣಿನ ಮಟ್ಟದಲ್ಲಿ, ಚಾಚಿದ ಕೈಯಷ್ಟು ದೂರದಲ್ಲಿ ಇರಬೇಕು. ಪರದೆಯನ್ನು ಎತ್ತರಿಸಲು ಬಳಕೆ ಮುಗಿದ ಹಳೆಯ ಖಾತೆ ಪುಸ್ತಕಗಳೇ ಸಾಕು. ಅವು ಕೊನೆಯದಾಗಿ ಸಲ್ಲಿಸಬಹುದಾದ ಸೇವೆ ಅದು. ಲ್ಯಾಪ್‌ಟಾಪ್ ಬಳಸುವವರಿಗೆ ಪರದೆಯೂ ಕೀಲಿಮಣೆಯೂ ಒಂದೇ ಕಡೆ ಇರುವುದರಿಂದ ಕತ್ತು ಬಾಗಲೇಬೇಕಾಗುತ್ತದೆ. ಅಂಥವರಿಗೆ ಕೆಲವು ನೂರು ರೂಪಾಯಿಗಳ ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಒದಗಿಸಿ, ಲ್ಯಾಪ್‌ಟಾಪನ್ನು ಎತ್ತರದಲ್ಲಿ ಇರಿಸಬೇಕು.

ಬಿಲ್ಲುಗಳನ್ನು ಮೇಜಿನ ಮೇಲೆ ಮಲಗಿಸಿಡುವ ಬದಲು ಪರದೆಯ ಪಕ್ಕದಲ್ಲೇ ಓರೆಯಾಗಿ ನಿಲ್ಲಿಸಿದರೆ ನೂರಾರು ಬಾರಿ ತಲೆ ಬಗ್ಗಿಸಿ ಎತ್ತುವುದು ತಪ್ಪುತ್ತದೆ. ಬೆರಳಚ್ಚಿಸುವಾಗ ಭುಜಗಳು ಮೇಲೇರದೆ ಮೊಣಕೈಗಳು ದೇಹದ ಪಕ್ಕದಲ್ಲಿ ಇಳಿದಿರಬೇಕು. ಅದಕ್ಕಾಗಿ ಕುರ್ಚಿಯನ್ನು ಎತ್ತರಿಸಿದಾಗ ಪಾದ ನೆಲಕ್ಕೆ ತಾಗದಿದ್ದರೆ ಒಂದು ಮಣೆಯನ್ನಿಡಬಹುದು. ದೂರವಾಣಿಯನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ದರ ಬರೆದುಕೊಳ್ಳುವುದು ಮಾರುಕಟ್ಟೆಯ ಹಳೆಯ ರೂಢಿ. ಇದು ಕತ್ತಿಗೆ ಅತ್ಯಂತ ಅಹಿತಕರ. ಕಿವಿಗೆ ತೊಡುವ ಹೆಡ್‌ಸೆಟ್ ಈ ತೊಂದರೆಯನ್ನು ನಿವಾರಿಸುತ್ತದೆ. ದ್ವಿದೃಷ್ಟಿ ಕನ್ನಡಕ ಧರಿಸುವ ಹಿರಿಯ ನೌಕರರು ಕೆಳಗಾಜಿನಿಂದ ಓದಲು ಗಲ್ಲವನ್ನು ಮೇಲೆತ್ತುತ್ತಾರೆ. ಅವರ ಪರದೆ ಇತರರದಕ್ಕಿಂತ ಸ್ವಲ್ಪ ಕೆಳಗಿರುವುದೇ ಲೇಸು.

ಇವೆಲ್ಲಕ್ಕಿಂತ ಮುಖ್ಯವಾದುದು ಸಮಯದ ಹಂಚಿಕೆ. ಎಷ್ಟೇ ಉತ್ತಮವಾದ ಭಂಗಿಯಾದರೂ ಕದಲದೆ ಮೂರು ಗಂಟೆ ಹಿಡಿದರೆ ನೋವು ತರುತ್ತದೆ. ಅರ್ಧ ಗಂಟೆಗೆ ಅಥವಾ ಮುಕ್ಕಾಲು ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡುವುದನ್ನು ಕಚೇರಿಯ ಪದ್ಧತಿಯಾಗಿಸಬೇಕು. ದಾಸ್ತಾನು ತಾಳೆ ನೋಡುವುದು, ಕಡತ ಜೋಡಿಸುವುದು ಮೊದಲಾದ ನಿಂತು ಮಾಡುವ ಕೆಲಸಗಳನ್ನು ನಮೂದು ಕೆಲಸದ ನಡುವೆ ಹಂಚಬೇಕು. ಬಿಲ್ಲುಗಳನ್ನು ಅಂದಂದೇ ನಮೂದಿಸುವ ಶಿಸ್ತು ಬಂದರೆ ಗಡುವಿನ ಹಿಂದಿನ ಎರಡು ದಿನಗಳ ಹನ್ನೆರಡು ಗಂಟೆಗಳ ದುಡಿಮೆ ತಾನಾಗಿ ಕರಗುತ್ತದೆ. ಬಿಲ್ಲನ್ನು ಹತ್ತು ದಿನ ಜೇಬಿನಲ್ಲಿಟ್ಟುಕೊಂಡು ಗಡುವಿನ ಹಿಂದಿನ ದಿನ ಮೇಜಿನ ಮೇಲೆ ಸುರಿಯುವ ಮಾಲೀಕರೂ ಗುಮಾಸ್ತರ ಕತ್ತುನೋವಿಗೆ ಒಂದು ಕಾರಣವೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಎರಡು ನಿಮಿಷದ ಅಭ್ಯಾಸ

ಡೆನ್ಮಾರ್ಕಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ. ಕತ್ತು ಮತ್ತು ಭುಜದ ನೋವು ಪದೇಪದೇ ಕಾಡುತ್ತಿದ್ದ 198 ಕಚೇರಿ ನೌಕರರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪು ದಿನಕ್ಕೆ 2 ನಿಮಿಷ, ಇನ್ನೊಂದು 12 ನಿಮಿಷ, ವಾರಕ್ಕೆ ಐದು ದಿನದಂತೆ ಹತ್ತು ವಾರ ವ್ಯಾಯಾಮ ಮಾಡಿತು. ಹಿಗ್ಗುವ ರಬ್ಬರ್ ಕೊಳವೆಯನ್ನು ಹಿಡಿದು ತೋಳುಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು, ಇಳಿಸುವುದು: ಇಷ್ಟೇ ಅಭ್ಯಾಸ. ವ್ಯಾಯಾಮ ಮಾಡದ ಮೂರನೆಯ ಗುಂಪಿಗೆ ಹೋಲಿಸಿದಾಗ ಎರಡು ಗುಂಪುಗಳಲ್ಲೂ ನೋವು ಇಳಿದಿತ್ತು. ದಿನಕ್ಕೆ ಎರಡು ನಿಮಿಷವೆಂದರೆ ಚಹಾ ತಣಿಯಲು ಬೇಕಾಗುವ ಸಮಯ.

ಇದರ ಜೊತೆಗೆ ಭುಜಗಳನ್ನು ಕಿವಿಯತ್ತ ಎತ್ತಿ ಸಡಿಲ ಬಿಡುವುದು, ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೆಳೆದು ಐದು ಎಣಿಸುವುದು, ಗಲ್ಲವನ್ನು ನೇರವಾಗಿ ಹಿಂದಕ್ಕೆ ಸರಿಸುವುದು, ತಲೆಯನ್ನು ನಿಧಾನವಾಗಿ ಎಡಬಲಕ್ಕೆ ಹೊರಳಿಸುವುದು ಇವನ್ನು ಕುರ್ಚಿಯಲ್ಲೇ ಮಾಡಬಹುದು. ಬಿಸಿನೀರಿನ ಚೀಲದ ಹಿತವಾದ ಶಾಖ ಬಿಗಿತವನ್ನು ತಗ್ಗಿಸುತ್ತದೆ. ಮುಲಾಮು ಕೂಡ ತಾತ್ಕಾಲಿಕ ಉಪಶಮನ ನೀಡಬಲ್ಲದು. ಆದರೆ ವೈದ್ಯರನ್ನು ಕೇಳದೆ ದಿನನಿತ್ಯ ನೋವಿನ ಮಾತ್ರೆ ನುಂಗುವುದರಿಂದ ಜಠರ ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಕ್ಷೌರದಂಗಡಿಯಲ್ಲಿ ಕತ್ತನ್ನು ಥಟ್ಟನೆ ತಿರುಗಿಸಿ ನೆಟಿಕೆ ತೆಗೆಸುವ ರೂಢಿಯನ್ನಂತೂ ಸಂಪೂರ್ಣವಾಗಿ ಬಿಡಬೇಕು. ಕತ್ತಿನ ಮೂಳೆಗಳ ಮೂಲಕ ಮೆದುಳಿಗೆ ಹೋಗುವ ರಕ್ತನಾಳಗಳು ಅಂತಹ ತಿರುಚುವಿಕೆಯಿಂದ ಹರಿದು ಪಾರ್ಶ್ವವಾಯುವಿಗೆ ಎಡೆಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ನೋವು ತೋಳಿಗೆ ಇಳಿದು ಕೈ ಜೋಮು ಹಿಡಿದರೆ, ಹಿಡಿತ ದುರ್ಬಲವಾದರೆ, ನಡಿಗೆಯಲ್ಲಿ ತೂಕ ತಪ್ಪಿದರೆ, ಜ್ವರವಿದ್ದರೆ ಅಥವಾ ಬಿದ್ದು ಪೆಟ್ಟಾದ ನಂತರ ನೋವು ಆರಂಭವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಎಡಭುಜ ಅಥವಾ ತೋಳಿನ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಕಂಡರೆ ಅದನ್ನು ಮೇಜಿನ ಕೆಲಸದ ನೋವೆಂದು ಭಾವಿಸಿ ಕುಳಿತಿರಬಾರದು. ಅದು ಹೃದಯಾಘಾತವಾಗಿರಬಹುದು, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಮಾಲೀಕರು ಮಾಡಬೇಕಾದುದು

ಯೂರೋಪಿನ ರಾಷ್ಟ್ರಗಳ ಒಕ್ಕೂಟವು 1990ರಲ್ಲೇ ಪರದೆಯ ಮುಂದೆ ದುಡಿಯುವವರ ಕುರಿತು ನಿರ್ದೇಶನ ಹೊರಡಿಸಿ, ಕೆಲಸದ ನಡುವೆ ನಿಯತ ವಿರಾಮ ಅಥವಾ ಕೆಲಸದ ಬದಲಾವಣೆ ಮತ್ತು ಕಣ್ಣಿನ ತಪಾಸಣೆಗಳನ್ನು ಮಾಲೀಕರ ಕರ್ತವ್ಯವನ್ನಾಗಿಸಿತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ನೌಕರರ ದುಡಿಮೆಯ ಅವಧಿಗೆ ಮಿತಿಯನ್ನೂ ನಡುವೆ ವಿಶ್ರಾಂತಿಯನ್ನೂ ವಿಧಿಸಿದ ಶಾಸನ. ಆದರೆ ಮೇಜಿನ ಎತ್ತರವನ್ನು ಅಳೆಯಲು ಇನ್ಸ್‌ಪೆಕ್ಟರರು ಬರುವವರೆಗೆ ಕಾಯುವುದು ವಿವೇಕಿ ವರ್ತಕನ ಲಕ್ಷಣವಲ್ಲ. ಲಾರಿಯ ಟೈರು ಸವೆದರೆ, ತೂಕದ ಯಂತ್ರ ತಪ್ಪು ತೋರಿಸಿದರೆ ಅದೇ ದಿನ ಗಮನಿಸುವ ಮಾಲೀಕ, ಇಪ್ಪತ್ತು ವರ್ಷ ಲೆಕ್ಕ ಬರೆದ ನೌಕರನ ಭುಜದ ನೋವನ್ನು ವರ್ಷಗಟ್ಟಲೆ ಮುಂದೂಡುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ಸಮರ್ಥನೀಯವಲ್ಲ.

ಅನುಭವಿ ಲೆಕ್ಕಿಗನೊಬ್ಬ ನೋವು ತಾಳಲಾರದೆ ಕೆಲಸ ಬಿಟ್ಟರೆ ಸಂಸ್ಥೆ ಕಳೆದುಕೊಳ್ಳುವುದು ಒಂದು ಜೊತೆ ಕೈಗಳನ್ನಷ್ಟೇ ಅಲ್ಲ. ಯಾವ ಗಿರಾಕಿ ಎಷ್ಟು ದಿನಕ್ಕೆ ಹಣ ಕೊಡುತ್ತಾನೆ, ಯಾವ ಸರಬರಾಜುದಾರನ ಬಿಲ್ಲಿನಲ್ಲಿ ತಪ್ಪಿರುತ್ತದೆ, ಹಳೆಯ ತಕರಾರಿನ ಕಾಗದ ಯಾವ ಕಡತದಲ್ಲಿದೆ ಎಂಬ ತಿಳಿವಳಿಕೆ ಯಾವ ತಂತ್ರಾಂಶದಲ್ಲೂ ನಮೂದಾಗಿರುವುದಿಲ್ಲ. ಅತ್ತ ಆ ನೌಕರನ ಮನೆಗೆ ನಷ್ಟವಾಗುವುದು ಅದರ ಏಕೈಕ ಸಂಪಾದನೆಯೇ ಆಗಿರಬಹುದು.

ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ತೆರಿಗೆ ಕಾರ್ಯಾಗಾರಗಳನ್ನು ಏರ್ಪಡಿಸುತ್ತವೆ. ಅದೇ ವೇದಿಕೆಯಲ್ಲಿ ಭೌತಚಿಕಿತ್ಸಕರೊಬ್ಬರಿಂದ ಒಂದು ಗಂಟೆಯ ಪ್ರಾತ್ಯಕ್ಷಿಕೆ ಏರ್ಪಡಿಸುವುದು ಕಷ್ಟವಲ್ಲ. ಅದಕ್ಕೂ ಮುನ್ನ ಪ್ರತಿಯೊಬ್ಬ ಮಾಲೀಕರೂ ತಮ್ಮ ಗುಮಾಸ್ತರ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು ಇಪ್ಪತ್ತು ಬಿಲ್ಲುಗಳನ್ನು ಸ್ವತಃ ನಮೂದಿಸಿ ನೋಡುವುದು ಒಳ್ಳೆಯದು. ಪರದೆ ಎಷ್ಟು ಕೆಳಗಿದೆ, ಬಿಲ್ಲು ಎಷ್ಟು ದೂರದಲ್ಲಿದೆ, ಕುರ್ಚಿ ಎಷ್ಟು ತಗ್ಗಿದೆ ಎಂಬುದನ್ನು ಅವರ ಕತ್ತೇ ಅವರಿಗೆ ತಿಳಿಸುತ್ತದೆ.