“ಇದು ತಮಗೇಕೆ?”

ಸರ್ಕಾರದ ಕಚೇರಿಗೆ ಹೋಗಿ ಒಂದು ಕಾಗದದ ನಕಲನ್ನು ಕೇಳಿದವನಿಗೆ, ಕಾಗದಕ್ಕಿಂತ ಮುಂಚೆ ಒಂದು ಪ್ರಶ್ನೆ ಎದುರಾಗುತ್ತದೆ: “ಇದು ತಮಗೇಕೆ?” ಕೆಲವೊಮ್ಮೆ ‘ತಮಗೆ’ ಎಂಬುದು ‘ನಿನಗೆ’ ಎಂದಾಗುವುದೂ ಉಂಟು; ಅದು ಬಂದವನ ಉಡುಪನ್ನು ಅವಲಂಬಿಸಿದ ವಿಷಯ. 2005ರ ಮಾಹಿತಿ ಹಕ್ಕು ಅಧಿನಿಯಮವು ಈ ಪ್ರಶ್ನೆಗೆ ಅವಕಾಶವನ್ನೇ ಕೊಟ್ಟಿಲ್ಲ. ಅರ್ಜಿದಾರನು ಕಾರಣವನ್ನು ಹೇಳಬೇಕಾಗಿಲ್ಲವೆಂದು ಅದರ 6ನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಬರೆದಿದೆ. ಇಡೀ ಶಾಸನದಲ್ಲಿ ಇದಕ್ಕಿಂತ ದೊಡ್ಡ ಮಾತು ಮತ್ತೊಂದಿಲ್ಲವೆಂದು ನಾನು ಭಾವಿಸುತ್ತೇನೆ. ಕಾರಣ ಕೇಳುವುದೆಂದರೆ ಒಡೆಯನು ಯಾಚಕನನ್ನು ವಿಚಾರಿಸಿದಂತೆ. ಲೆಕ್ಕವನ್ನು ಒಪ್ಪಿಸಬೇಕಾದವನು ಕಾರಣ ಕೇಳುವುದೆಂತು?

ಲೆಕ್ಕ ಒಪ್ಪಿಸುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರೇ ಎದ್ದು ನಿಂತು ರಾಜ್ಯದ ಆದಾಯ ವೆಚ್ಚಗಳ ವಿವರವನ್ನು ಓದಿ ಹೇಳುತ್ತಿದ್ದರು. ಆ ಸಭೆಗೆ ಅಧಿಕಾರ ಅತ್ಯಲ್ಪವಾಗಿತ್ತೆಂಬುದು ನಿಜ. ಆದರೂ ಹೇಳಬೇಕಾದ್ದನ್ನು ಕೇಳುವ ಮುನ್ನವೇ ಹೇಳುವ ಮರ್ಯಾದೆಯೊಂದು ಅಲ್ಲಿ ಇತ್ತು.

ಮಾಹಿತಿ ಹಕ್ಕಿನ ಬೇರು ಪಂಡಿತರ ಗೋಷ್ಠಿಯಲ್ಲಿ ಮಾತ್ರ ಇದ್ದಿದ್ದರೆ ಅದು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. 1975ರಲ್ಲಿ ರಾಜ್‌ನಾರಾಯಣ್ ಮೊಕದ್ದಮೆಯ ತೀರ್ಪಿನಲ್ಲಿ ನ್ಯಾಯಮೂರ್ತಿ ಮ್ಯಾಥ್ಯೂ ಅವರು ಸರ್ಕಾರದ ಸಾರ್ವಜನಿಕ ಕಾರ್ಯಗಳನ್ನು ತಿಳಿಯುವ ಹಕ್ಕು ಪ್ರಜೆಗಳಿಗೆ ಉಂಟೆಂದು ಹೇಳಿದ್ದರು. ಆದರೆ ಆ ಹಕ್ಕಿಗೆ ಮೈಗೂಡಿಸಿದವರು ರಾಜಸ್ಥಾನದ ಕೂಲಿಯಾಳುಗಳು. ದುಡಿದ ಕೂಲಿ ಪೂರ್ತಿಯಾಗಿ ಕೈಗೆ ಬರಲಿಲ್ಲ; ಕಾಗದದಲ್ಲಿ ಏನಿದೆ ತೋರಿಸಿರೆಂದು ಅವರು ಕೇಳಿದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಊರೂರಿನಲ್ಲಿ ಜನರನ್ನು ಸೇರಿಸಿ, ಹಾಜರಿಪಟ್ಟಿಗಳನ್ನೂ ಬಿಲ್ಲುಗಳನ್ನೂ ಗಟ್ಟಿಯಾಗಿ ಓದಿಸಿದರು. ಅಕ್ಷರ ಬಾರದವರೂ ತಮ್ಮೂರಿನ ಲೆಕ್ಕವನ್ನು ತಾವೇ ತಪಾಸಣೆ ಮಾಡಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ನಡೆಯಿತು. ಕರ್ನಾಟಕವೂ ಹಿಂದೆ ಬೀಳಲಿಲ್ಲ. ಕೇಂದ್ರದ ಶಾಸನಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ತನ್ನದೇ ಒಂದು ಶಾಸನವನ್ನು ಮಾಡಿತು.

ಇಷ್ಟೆಲ್ಲ ಆದಮೇಲೂ ಸುಧಾರಣೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಶಾಸನದ ಜೀವವಿರುವುದು ಅರ್ಜಿಯಲ್ಲೆಂದು ನಾವೆಲ್ಲ ತಿಳಿದಿದ್ದೇವೆ. ಅದು ನಿಜವಾಗಿ ಇರುವುದು 4ನೆಯ ಪ್ರಕರಣದಲ್ಲಿ. ಪ್ರತಿಯೊಂದು ಕಚೇರಿಯೂ ತನ್ನ ಕಡತಗಳಿಗೆ ಸೂಚಿ ಮಾಡಿಡಬೇಕು. ಅಧಿಕಾರ, ವೆಚ್ಚ, ಫಲಾನುಭವಿಗಳು ಮುಂತಾದ ಹದಿನೇಳು ಬಗೆಯ ವಿವರಗಳನ್ನು 120 ದಿನಗಳೊಳಗೆ ತಾನಾಗಿಯೇ ಪ್ರಕಟಿಸಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು. ಜನರು ಅರ್ಜಿ ಹಾಕುವ ಪ್ರಸಂಗವೇ ಆದಷ್ಟು ಕಡಿಮೆಯಾಗಲಿ ಎಂಬುದು ಉದ್ದೇಶ. ಆ 120 ದಿನಗಳು ಮುಗಿದು ಎಷ್ಟೋ ವರ್ಷಗಳಾದುವು. ಅರ್ಜಿಗಳ ಹೊರೆಯೆಂದು ಅಧಿಕಾರಿಗಳು ನಿಟ್ಟುಸಿರು ಬಿಡುತ್ತಾರೆ. ಅರ್ಜಿಯನ್ನೇ ಬೆದರಿಕೆಯ ವೃತ್ತಿ ಮಾಡಿಕೊಂಡ ಪುಣ್ಯಾತ್ಮರು ಇದ್ದಾರೆಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಗೋಡೆಯ ಮೇಲೆ ಅಂಟಿಸಿದ ಕಾಗದವನ್ನು ತೋರಿಸಿ ಯಾರೂ ಯಾರನ್ನೂ ಬೆದರಿಸಲಾರರು.

ಪಹಣಿಯನ್ನೇ ನೋಡಿ. ಒಂದು ಕಾಲದಲ್ಲಿ ಅದಕ್ಕಾಗಿ ರೈತನು ಗ್ರಾಮಲೆಕ್ಕಿಗರ ಬಾಗಿಲು ಕಾಯಬೇಕಾಗಿತ್ತು. ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದ ಮೇಲೆ, ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ, ತಾಲ್ಲೂಕು ಕೇಂದ್ರದಲ್ಲಿ ಯಾರು ಬೇಕಾದರೂ ನಕಲು ಪಡೆಯುವಂತಾಯಿತು. ಲಂಚವೆಲ್ಲ ಅಳಿಯಿತೆಂದು ನಾನು ಹೇಳುವುದಿಲ್ಲ. “ಇದು ತಮಗೇಕೆ?” ಎಂಬ ಪ್ರಶ್ನೆ ಮಾತ್ರ ಆ ಕಿಟಕಿಯಲ್ಲಿ ಅರ್ಥ ಕಳೆದುಕೊಂಡಿತು.

ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯವು 2008ರಲ್ಲಿ ಒಂದು ನಿಯಮವನ್ನು ಸೇರಿಸಿತು. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಕೇಂದ್ರದ 2012ರ ನಿಯಮದಲ್ಲಿ ಮಿತಿ 500 ಪದಗಳು. ಅದು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಕೂಡದೆಂದೂ ಅಲ್ಲಿ ಹೇಳಿದೆ. ಸಂಧಿಸಮಾಸಗಳ ಕೃಪೆಯಿಂದ ಕನ್ನಡಿಗನು 150 ಪದಗಳಲ್ಲಿ ಇಂಗ್ಲಿಷಿನವನಿಗಿಂತ ಹೆಚ್ಚು ಕೇಳಬಲ್ಲನೆಂಬುದು ಸಮಾಧಾನ! ಆದರೆ ವಿಷಯ ಒಂದೇ ಆಗಿರಬೇಕೆಂಬುದಕ್ಕೆ ವ್ಯಾಕರಣದಲ್ಲಿ ಮದ್ದಿಲ್ಲ. ಕೆರೆಯ ಹೂಳು ಒಂದು ವಿಷಯವೋ? ಅದರ ಟೆಂಡರು ಮತ್ತೊಂದೋ? ತೀರ್ಮಾನಿಸುವವರು ಉತ್ತರ ಕೊಡಬೇಕಾದವರೇ.

ಎರಡನೆಯ ಮೇಲ್ಮನವಿಯನ್ನು ಇಷ್ಟು ದಿನದಲ್ಲಿ ತೀರ್ಮಾನಿಸಬೇಕೆಂಬ ಗಡುವು ಶಾಸನದಲ್ಲಿ ಇಲ್ಲ. ರಸ್ತೆ ಹಾಳಾದ ಮೇಲೆ ಅದರ ಅಂದಾಜುಪಟ್ಟಿ ಕೈಸೇರಿದರೆ ಪ್ರಯೋಜನವೇನು?

ಎಲ್ಲಕ್ಕಿಂತ ನನ್ನನ್ನು ಕಾಡುವುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನದ ಒಂದು ಪುಟ್ಟ ತಿದ್ದುಪಡಿ. ಮುಂಚೆ ವೈಯಕ್ತಿಕ ವಿವರವನ್ನು ನಿರಾಕರಿಸಬೇಕಾದರೆ, ಸಾರ್ವಜನಿಕ ಕಾರ್ಯಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೋ, ಖಾಸಗಿ ಬದುಕಿನ ಮೇಲೆ ಅದು ಅನುಚಿತ ಆಕ್ರಮಣವೆಂದೋ ತೋರಬೇಕಾಗಿತ್ತು. ತಿದ್ದುಪಡಿಯು ಆ ಮಾತುಗಳನ್ನು ತೆಗೆದು, ವೈಯಕ್ತಿಕವೆಂಬ ಒಂದೇ ಶಬ್ದವನ್ನು ಉಳಿಸಿತು. ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದೆಂಬ ಬೇರೊಂದು ಉಪಪ್ರಕರಣ ಹಾಗೆಯೇ ಇದೆ, ನಿಜ. ಆದರೆ ಹಿತವನ್ನು ಸಾಧಿಸಿ ತೋರಿಸುವ ಭಾರ ಕೇಳುವವನ ಹೆಗಲಿಗೆ ಬೀಳುವ ಸಂಭವವೇ ಹೆಚ್ಚು. ರಾಜಸ್ಥಾನದ ಕೂಲಿಗಳು ಓದಿಸಿದ ಹಾಜರಿಪಟ್ಟಿಯಲ್ಲಿ ಇದ್ದದ್ದು ಹೆಸರುಗಳೇ ತಾನೆ? ಈ ತಿದ್ದುಪಡಿಯನ್ನು ಹಿಂತೆಗೆದು ಹಳೆಯ ಪಾಠವನ್ನೇ ಮರಳಿ ತರಬೇಕು. ಅದು ದೆಹಲಿಯ ಕೆಲಸ. 150 ಪದಗಳ ನಿಯಮವನ್ನು ತೆಗೆಯುವುದಕ್ಕೂ, ತಾಲ್ಲೂಕು ಕಚೇರಿಯ ಕಡತಗಳ ಸೂಚಿಯನ್ನು ಕನ್ನಡದಲ್ಲಿ ಬರೆಸಿ ಹೊರಗೋಡೆಗೆ ಹಾಕಿಸುವುದಕ್ಕೂ ಬೆಂಗಳೂರಿನ ಒಂದು ಆದೇಶ ಸಾಕು.